ರಾಗ ಕಟ್ಟಲು ಹೊರಟಿರುವ ಯುವಜನರಿಗೆ

(ಶತಮಾನೋತ್ಸವದ ಅಂಗವಾಗಿ ಕೋಲಾರ ಚಿನ್ನದ ಗಣಿ ಹಾಗೂ ಬಂಗಾರಪೇಟೆಯ ಗಾನವೃಂದಗಳ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರ್ಷಗಳ ಸಂಭ್ರಮಾಚರಣೆಯಲ್ಲಿ ಕಟ್ಟಡದ ವಿಷಯವಾಗಿ, ಅದಕ್ಕಾಗಿ ದುಡಿದ ಗುರುಗಳ ವಿಷಯವಾಗಿ, ಉದಾರ ದಾನಿಗಳ ವಿಷಯವಾಗಿ ಬಹಳಷ್ಟು ಮಾತುಗಳು ಈಗಾಗಲೇ ಆಗಿವೆ. ಇಂದಿನ ಕೂಟ ಹಾಡುವವರದು. ಅದರಲ್ಲಿಯೂ ಹಾಡುವುದರ ಜೊತೆಗೆ ಹಾಡನ್ನು ಕಟ್ಟಬೇಕೆಂಬ ಆಸೆಯುಳ್ಳ ಕೆಲವು ಯುವಕ ಯುವತಿಯರು ಈ ಸಭೆಯಲ್ಲಿ ಕುಳಿತಿದ್ದಾರೆ. ಶತಮಾನೋತ್ಸವದ ಬಲಿಪೂಜೆಗೆಂದು ತಾವೇ ರಾಗ ಹಾಕಿದ ಗೀತೆಗಳನ್ನು ಕಳೆದ ಕೆಲವು ತಿಂಗಳುಗಳಲ್ಲಿ ಅವರು ನಮ್ಮ ಬಳಿಗೆ ತಂದರು. ಕೆಲವು ನೋಟುಪುಸ್ತಕದಲ್ಲಿದ್ದವು, ಕೆಲವು ಮೊಬೈಲ್ ಫೋನಿನಲ್ಲಿದ್ದವು. ಅವರು ಕೇಳಿದ ಪ್ರಶ್ನೆ ಒಂದೇ: “ಸ್ವಾಮಿಗಳೇ, ರಾಗ ಕಟ್ಟುವುದನ್ನು ಎಲ್ಲಿಂದ ಆರಂಭಿಸಬೇಕು?”

ಅದೇ ದಿನಗಳಲ್ಲಿ ಅವರಲ್ಲೊಬ್ಬನ ತಂದೆಯೂ ನಮ್ಮನ್ನು ಕಾಣಲು ಬಂದರು. ಗಣಿಯ ಆಳದಲ್ಲಿ ದುಡಿದವರು; ಗಣಿ ಮುಚ್ಚಿದ ಮೇಲೆ ಸಿಕ್ಕ ಕೆಲಸ ಮಾಡಿ ಮಕ್ಕಳನ್ನು ಓದಿಸಿದವರು. “ಹಾಡು ಕಟ್ಟಿದರೆ ಹೊಟ್ಟೆ ತುಂಬುತ್ತದೆಯೇ ಸ್ವಾಮಿ? ನೀವೇ ಅವನಿಗೆ ನಾಲ್ಕು ಬುದ್ಧಿಮಾತು ಹೇಳಬೇಕು,” ಎಂದರು. ಮಗನ ಪ್ರಶ್ನೆಯೂ ನ್ಯಾಯವಾದದ್ದು, ತಂದೆಯ ಪ್ರಶ್ನೆಯೂ ನ್ಯಾಯವಾದದ್ದು. ಈ ಎರಡು ಪ್ರಶ್ನೆಗಳನ್ನೂ ಎದುರಿಗಿಟ್ಟುಕೊಂಡು ನಾವು ಇಂದು ಕೆಲವು ಮಾತುಗಳನ್ನು ಹೇಳಲು ಬಯಸುತ್ತೇವೆ.

ಮೊದಲು ನಾವು ನಿಂತಿರುವ ನೆಲವನ್ನು ನೋಡೋಣ. ೧೮೮೦ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿನ ಗಣಿಗಾರಿಕೆಗೆ ಕೈಹಾಕಿದ ಮೇಲೆ ಉತ್ತರ ಆರ್ಕಾಟಿನಿಂದ ತಮಿಳರು, ಚಿತ್ತೂರಿನ ಕಡೆಯಿಂದ ತೆಲುಗರು, ಸುತ್ತಲಿನ ಹಳ್ಳಿಗಳಿಂದ ಕನ್ನಡಿಗರು, ಅವರೊಡನೆ ಆಂಗ್ಲರು, ಆಂಗ್ಲೋ-ಇಂಡಿಯನ್ನರು ಎಲ್ಲರೂ ಈ ಬಂಡೆಗಳ ನಡುವೆ ಬಂದು ನೆಲೆಸಿದರು. ಒಂದೊಂದು ಜನವೂ ತನ್ನ ಹಾಡನ್ನು ಬಟ್ಟೆಯ ಗಂಟಿನೊಡನೆ ಹೊತ್ತುಕೊಂಡೇ ಬಂದಿತು. ಲೈನುಮನೆಗಳಲ್ಲಿ ತಾಯಂದಿರ ಜೋಗುಳ, ಸಾವಿನ ಮನೆಯಲ್ಲಿ ಒಪ್ಪಾರಿ, ಹಬ್ಬದ ದಿನ ತಮಟೆ, ಮೆರವಣಿಗೆಗೆ ಬ್ಯಾಂಡು, ದೇವಾಲಯದಲ್ಲಿ ಹಾರ್ಮೋನಿಯಂ, ಕ್ರಿಸ್ಮಸ್ ಕಾಲದಲ್ಲಿ ಮನೆಮನೆಗೆ ಹೋಗಿ ಹಾಡುವ ಕ್ಯಾರೊಲ್ ಗೀತೆ: ಇಷ್ಟು ಬಗೆಯ ಸಂಗೀತ ಒಂದೇ ಬೀದಿಯಲ್ಲಿ ಕಿವಿಗೆ ಬೀಳುವ ಊರುಗಳು ನಮ್ಮ ನಾಡಿನಲ್ಲಿ ವಿರಳ. ಹುಟ್ಟಿನಿಂದಲೇ ಕೇಳುತ್ತ ಬಂದುದರಿಂದ ಇದು ದೊಡ್ಡ ಆಸ್ತಿಯೆಂದು ನಿಮಗೆ ತೋರದಿರಬಹುದು.

೨೦೦೧ನೆಯ ಇಸವಿಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಸುರಂಗಗಳಲ್ಲಿ ಇಂದು ನೀರು ನಿಂತಿದೆ. ಮೇಲೆ ಸೈನೈಡ್ ದಿಬ್ಬಗಳು ಉಳಿದಿವೆ. ಮಾರಿಕುಪ್ಪಂನಲ್ಲಿ, ಚಾಂಪಿಯನ್ನಿನಲ್ಲಿ, ಊರಿಗಾಂನಲ್ಲಿ, ಕೋರಮಂಡಲದಲ್ಲಿ ರೈಲು ಹತ್ತಿ, ಬಂಗಾರಪೇಟೆಯನ್ನು ದಾಟಿ, ದಿನವೂ ಬೆಂಗಳೂರಿಗೆ ಹೋಗಿಬರುವ ಸಾವಿರಾರು ಮಂದಿಯಲ್ಲಿ ನಮ್ಮ ಗಾನವೃಂದದವರೂ ಸೇರಿದ್ದಾರೆ. ಕೆಲವು ಕುಟುಂಬಗಳು ಅಲ್ಲಿಯೇ ಮನೆಮಾಡಿವೆ. ಒಂದೊಂದು ಕುಟುಂಬ ಊರು ಬಿಟ್ಟಾಗಲೂ ಒಂದೆರಡು ಹಾಡುಗಳು ಅದರೊಡನೆ ಊರು ಬಿಡುತ್ತವೆ. ಹಾಡು ಕಟ್ಟಬೇಕೆಂಬ ನಿಮ್ಮ ಆಸೆಯನ್ನು ನಾವು ಹುಡುಗಾಟವೆಂದು ಎಣಿಸದಿರುವುದಕ್ಕೆ ಇದೇ ಕಾರಣ.

ನಮ್ಮ ಊರಿನ ಹೆಸರನ್ನು ಹೊತ್ತ ‘ಕೆ.ಜಿ.ಎಫ್.’ ಚಲನಚಿತ್ರಗಳು ೨೦೧೮ರಲ್ಲಿ ಮತ್ತು ೨೦೨೨ರಲ್ಲಿ ತೆರೆಕಂಡು ದೇಶದಾದ್ಯಂತ ಪ್ರಸಿದ್ಧವಾದವು. ಅವುಗಳ ಸಂಗೀತವನ್ನು ಕಟ್ಟಿದವರು ಕುಂದಾಪುರದ ಸೀಮೆಯ ಬಸ್ರೂರಿನವರಾದ ಶ್ರೀ ರವಿ ಬಸ್ರೂರು ಅವರು. ಸಂತೋಷ. ಊರಿನ ಹೆಸರಿಗೆ ರಾಗ ಹೊರಗಿನಿಂದ ಬಂದಿತು. ಊರಿನ ಬಾಳಿಗೆ ರಾಗ ಇಲ್ಲಿ ಬಾಳಿದವರಿಂದ ಬರಬೇಕಾಗಿದೆ.

ಆರಂಭದ ದಾರಿಯನ್ನು ತೋರಿಸಲು ನಾವು ಒಬ್ಬ ವ್ಯಕ್ತಿಯನ್ನು ಆರಿಸಿಕೊಂಡಿದ್ದೇವೆ. ಅವರು ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರವರು. ಇದನ್ನು ಕೇಳಿ ಕೆಲವರು ನಗಬಹುದು. ಲೈನುಮನೆಯ ಹುಡುಗನಿಗೂ ಅರಮನೆಯ ಅರಸನಿಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧ ಉಂಟು. ನಮ್ಮ ಹಿರಿಯರು ಅಗೆದು ತೆಗೆದ ಚಿನ್ನದ ಮೇಲೆ ಮೈಸೂರು ಸರ್ಕಾರಕ್ಕೆ ರಾಜಧನ ಸಲ್ಲುತ್ತಿತ್ತು. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಬೆಂಗಳೂರಿಗೆ ಹೋಗುವ ಮೊದಲೇ ನಮ್ಮ ಗಣಿಗಳಿಗೆ ಹರಿದುಬಂದಿತು. ಗಣಿ ಮತ್ತು ಅರಮನೆ ಒಂದೇ ಸಂಸ್ಥಾನದ ಎರಡು ತುದಿಗಳಾಗಿದ್ದವು. ಅವರಿಗಿದ್ದ ಐಶ್ವರ್ಯ ನಿಮಗಿಲ್ಲ, ನಿಜ. ಆದುದರಿಂದ ಅವರ ಬಾಳಿನಲ್ಲಿ ಹಣದಿಂದ ಆದದ್ದು ಯಾವುದು, ಹಣವಿಲ್ಲದೆಯೂ ಆಗಬಹುದಾದದ್ದು ಯಾವುದು ಎಂಬುದನ್ನು ಬೇರ್ಪಡಿಸಿ, ಎರಡನೆಯದನ್ನು ಮಾತ್ರ ನಾವು ತೆಗೆದುಕೊಳ್ಳೋಣ.

ಜಯಚಾಮರಾಜ ಒಡೆಯರವರು ೧೯೧೯ರ ಜುಲೈ ೧೮ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಪುತ್ರರಾಗಿ ಜನಿಸಿದರು. ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರು ತುಂಬಿದ್ದರು. ಅದರೊಡನೆ ಪಾಶ್ಚಾತ್ಯ ವಾದ್ಯವೃಂದವೂ ಇದ್ದಿತು. ಎರಡೂ ನಾದಗಳು ಕಿವಿಯ ಮೇಲೆ ಬೀಳುತ್ತಿದ್ದರೂ ಬಾಲಕನ ಮನಸ್ಸು ಒಲಿದದ್ದು ಪಿಯಾನೋ ವಾದ್ಯಕ್ಕೆ. ಅದನ್ನು ಅವರು ಹವ್ಯಾಸಕ್ಕಾಗಿ ಕಲಿಯದೆ, ಸಭೆಗಳಲ್ಲಿ ಕಛೇರಿ ನುಡಿಸುವ ಕಲಾವಿದನಾಗಬೇಕೆಂಬ ನಿಶ್ಚಯದಿಂದ ಕಲಿತರು. ಅವರ ಸಹೋದರಿ ವಿಜಯಾದೇವಿಯವರೂ ಪಿಯಾನೋ ಕಲಿತವರೇ. ಬೆಂಗಳೂರಿನ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಎಂಬ ಸಂಸ್ಥೆಯನ್ನು ಸ್ಥಾಪಿಸಿದವರು ಆಕೆ. ೧೯೩೮ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಜಯಚಾಮರಾಜರು ಪದವಿ ಪಡೆದರು. ೧೯೩೯ರಲ್ಲಿ ಯೂರೋಪಿನ ಪ್ರವಾಸ ಮಾಡಿ ಅಲ್ಲಿನ ಕಲಾವಿದರ ಪರಿಚಯ ಗಳಿಸಿಕೊಂಡರು.

ಆಮೇಲೆ ೧೯೪೦ನೆಯ ಇಸವಿ ಬಂದಿತು. ಆ ವರ್ಷದ ಮಾರ್ಚಿಯಲ್ಲಿ ತಂದೆ ತೀರಿಕೊಂಡರು. ಆಗಸ್ಟಿನಲ್ಲಿ ದೊಡ್ಡಪ್ಪನವರೂ ತೀರಿಕೊಂಡರು. ಸೆಪ್ಟೆಂಬರಿನಲ್ಲಿ, ಇಪ್ಪತ್ತೊಂದರ ತರುಣ ಸಿಂಹಾಸನವನ್ನೇರಬೇಕಾಯಿತು. ಕಛೇರಿ ಕಲಾವಿದನಾಗುವ ಕನಸು ಅಲ್ಲಿಗೆ ಮುಗಿಯಿತು. ಪ್ರಿಯ ಯುವಜನರೇ, ಇದನ್ನು ಗಮನಿಸಿರಿ. ಮನೆಯ ಹೊಣೆ ತಲೆಯ ಮೇಲೆ ಬಿದ್ದು ಓದನ್ನೋ ಕಲೆಯನ್ನೋ ಬದಿಗಿಡಬೇಕಾಗಿ ಬರುವ ಕಷ್ಟ ನಮ್ಮ ಲೈನುಮನೆಗಳಿಗೆ ಮಾತ್ರ ಬರುವುದೆಂದು ನೀವು ತಿಳಿದಿದ್ದರೆ, ಅದು ಅರಮನೆಗೂ ಬಂದಿತೆಂಬುದು ನೆನಪಿರಲಿ. ಅವರು ಸಂಗೀತವನ್ನು ಬಿಡಲಿಲ್ಲ. ರಾಜ್ಯದ ಕಾಗದಪತ್ರಗಳ ನಡುವೆಯೇ ಅಭ್ಯಾಸವನ್ನು ಮುಂದುವರಿಸಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. ೧೯೪೫ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ತನ್ನ ಗೌರವ ಫೆಲೋ ಆಗಿ ಸ್ವೀಕರಿಸಿತು.

ಆ ದಿನಗಳಲ್ಲಿ ಅವರು ಕೈಗೊಂಡ ಕೆಲಸಗಳಲ್ಲಿ ಒಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ನಿಕೊಲಾಯ್ ಮೆಟ್ನರ್ ಎಂಬವರು ೧೮೮೦ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದ ರಷ್ಯನ್ ಸಂಗೀತಕಾರರು. ಪಿಯಾನೋಗಾಗಿ ನೂರಾರು ಪುಟಗಳ ಶ್ರೇಷ್ಠ ಸಂಗೀತವನ್ನು ಬರೆದವರು. ಕಾಲದ ರುಚಿ ಬೇರೆಡೆಗೆ ತಿರುಗಿದ್ದರಿಂದ ಅವರನ್ನು ಕೇಳುವವರು ಕಡಿಮೆಯಾಗಿದ್ದರು. ಅವರು ಲಂಡನ್ನಿನಲ್ಲಿ, ಮುಪ್ಪಿನಲ್ಲಿ, ಅನಾರೋಗ್ಯದಲ್ಲಿ ದಿನ ಕಳೆಯುತ್ತಿದ್ದಾಗ ಸಾವಿರಾರು ಮೈಲಿ ದೂರದ ಮೈಸೂರಿನಲ್ಲಿ ಒಬ್ಬ ತರುಣ ಅವರ ಸಂಗೀತವನ್ನು ಪ್ರೀತಿಯಿಂದ ಕೇಳುತ್ತಿದ್ದನು. ಆ ತರುಣ ಮಹಾರಾಜರು ಮೆಟ್ನರ್ ಸೊಸೈಟಿಯನ್ನು ಸ್ಥಾಪಿಸಿ, ಆ ವೃದ್ಧರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ಗ್ರಾಮಫೋನ್ ತಟ್ಟೆಗಳಲ್ಲಿ ಮುದ್ರಿಸುವ ವೆಚ್ಚವನ್ನು ವಹಿಸಿಕೊಂಡರು. ಮೂರು ಪಿಯಾನೋ ಕಾನ್ಸರ್ಟೊಗಳು, ಸೊನಾಟಾಗಳು, ಹಾಡುಗಳು ಹೀಗೆ ಉಳಿದವು. ೧೯೫೧ರಲ್ಲಿ ಮೆಟ್ನರ್ ನಿಧನರಾದರು. ಅವರ ಮೂರನೆಯ ಪಿಯಾನೋ ಕಾನ್ಸರ್ಟೊ ಮೈಸೂರಿನ ಮಹಾರಾಜರಿಗೆ ಅರ್ಪಿತವಾಗಿದೆ.

ತಟ್ಟೆ ಮುದ್ರಿಸಲು ಹಣ ಬೇಕು; ಅದು ಅರಸನ ಪಾಲು. ಆದರೆ ಲೋಕ ಮರೆತ ಒಬ್ಬ ಸಂಗೀತಕಾರನನ್ನು ತಾನಾಗಿ ಕಂಡುಕೊಂಡು, ಕೇಳಿ ಕೇಳಿ ಅರಗಿಸಿಕೊಂಡದ್ದಕ್ಕೆ ಹಣ ಬೇಕಿರಲಿಲ್ಲ. ಅದಕ್ಕೆ ಬೇಕಾದದ್ದು ಕಿವಿ ಮತ್ತು ತಾಳ್ಮೆ. ರಾಗ ಕಟ್ಟಬೇಕೆನ್ನುವವನ ಮೊದಲ ಕೆಲಸ ಕೇಳುವುದು. ಎಲ್ಲರೂ ಕೇಳುವುದನ್ನು ಕೇಳುವುದರ ಜೊತೆಗೆ ಯಾರೂ ಕೇಳದಿರುವುದನ್ನೂ ಕೇಳುವುದು. ನಿಮ್ಮ ಮೆಟ್ನರ್ ಲಂಡನ್ನಿನಲ್ಲಿ ಇರಬೇಕಾಗಿಲ್ಲ. ನಿಮ್ಮ ಬೀದಿಯ ಕೊನೆಯ ಮನೆಯಲ್ಲಿ, ಹಳೆಯ ಗೀತೆಯೊಂದನ್ನು ತನ್ನದೇ ಆದ ಬಳುಕಿನಲ್ಲಿ ಹಾಡುವ ಅಜ್ಜಿಯೊಬ್ಬಳು ಇದ್ದಾಳೆ. ಆಕೆಯನ್ನು ಕೇಳಿದ್ದೀರಾ?

ಲಂಡನ್ನಿನಲ್ಲಿ ವಾಲ್ಟರ್ ಲೆಗ್ ಎಂಬವರು ೧೯೪೫ರಲ್ಲಿ ಸ್ಥಾಪಿಸಿದ ಫಿಲ್ಹಾರ್ಮೋನಿಯ ವಾದ್ಯವೃಂದಕ್ಕೂ ಮಹಾರಾಜರು ನೆರವಾದರು. ವರ್ಷಕ್ಕೆ ಹತ್ತು ಸಾವಿರ ಪೌಂಡಿನಂತೆ ಮೂರು ವರ್ಷಗಳ ನೆರವು. ೧೯೪೮ರಲ್ಲಿ ಫಿಲ್ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷಪದವಿ. ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರಾಸ್ ತಮ್ಮ ಕೊನೆಗಾಲದಲ್ಲಿ ರಚಿಸಿದ ನಾಲ್ಕು ಗೀತೆಗಳು ೧೯೫೦ರ ಮೇ ೨೨ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟಾಗ ಆ ಕಛೇರಿಯ ವೆಚ್ಚಕ್ಕೆ ಹೊಣೆ ನಿಂತವರು ಇವರೇ. ಆ ಸಂಜೆ ಅವರು ಅಲ್ಲಿರಲಿಲ್ಲ. ಅವರಿಗಾಗಿ ಮುದ್ರಿಸಿದ ತಟ್ಟೆಗಳು ಮೈಸೂರಿಗೆ ಬಂದವು.

ಇಷ್ಟನ್ನು ಕೇಳಿದವರು ಇವರು ಪಾಶ್ಚಾತ್ಯ ಸಂಗೀತಕ್ಕೆ ಮಾತ್ರ ಸಂದವರೆಂದು ಎಣಿಸಬಹುದು. ನಮ್ಮ ಇಂದಿನ ಮಾತಿಗೆ ಮುಖ್ಯವಾದ ತಿರುವು ಇಲ್ಲಿದೆ. ಪಟ್ಟಕ್ಕೆ ಬಂದ ಮೇಲೆ ಅವರು ತಮ್ಮ ಆಸ್ಥಾನದ ಸಂಗೀತವನ್ನು ಮೊದಲಿನಿಂದ ಕಲಿಯಲು ಕುಳಿತರು. ವೀಣೆಯನ್ನು ಆಸ್ಥಾನ ವಿದ್ವಾನ್ ವೆಂಕಟಗಿರಿಯಪ್ಪನವರಲ್ಲಿ ಕಲಿತರು. ಕರ್ನಾಟಕ ಸಂಗೀತದ ಸೂಕ್ಷ್ಮಗಳನ್ನು ಮೈಸೂರು ವಾಸುದೇವಾಚಾರ್ಯರಲ್ಲಿ ಕಲಿತರು. ವಾಸುದೇವಾಚಾರ್ಯರು ಹುಟ್ಟಿದ್ದು ೧೮೬೫ರಲ್ಲಿ. ಆಗ ಅವರು ಎಂಬತ್ತರ ಹೊಸ್ತಿಲಲ್ಲಿದ್ದರು. ತಾರುಣ್ಯದಲ್ಲಿ ತಿರುವೈಯಾರಿಗೆ ಹೋಗಿ ಪಟ್ಣಂ ಸುಬ್ರಹ್ಮಣ್ಯ ಅಯ್ಯರ ಮನೆಯಲ್ಲಿ ಗುರುಸೇವೆ ಮಾಡಿ ಕಲಿತು ಬಂದವರು. ಪಾಶ್ಚಾತ್ಯ ಸಂಗೀತದಲ್ಲಿ ಅಷ್ಟು ದೂರ ನಡೆದಿದ್ದ ಅರಸರು ಸರಿಗಮದ ಮುಂದೆ ಮತ್ತೆ ವಿದ್ಯಾರ್ಥಿಯಾಗಲು ಸಂಕೋಚಪಡಲಿಲ್ಲ.

ಪಿಯಾನೋ ನುಡಿಸುವವನಿಗೆ ವೀಣೆ ಏಕೆ ಕಷ್ಟ ಎಂಬುದನ್ನು ಕೀಬೋರ್ಡ್ ನುಡಿಸುವ ನಮ್ಮ ಹುಡುಗರು ತಿಳಿದುಕೊಳ್ಳಬೇಕು. ಪಿಯಾನೋದಲ್ಲಿ ಪ್ರತಿಯೊಂದು ಸ್ವರಕ್ಕೂ ಒಂದು ಕೀಲಿ ಉಂಟು; ಒತ್ತಿದರೆ ಆ ಸ್ವರ, ಬಿಟ್ಟರೆ ಇಲ್ಲ. ವೀಣೆಯಲ್ಲಿ ತಂತಿಯನ್ನು ಮೆಟ್ಟಿಲಿನ ಮೇಲೆ ಎಳೆದು, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಿ, ಅಲುಗಿಸಿ ನುಡಿಸಬೇಕು. ಆ ಗಮಕವೇ ನಮ್ಮ ರಾಗದ ಉಸಿರು. ಶಂಕರಾಭರಣದ ಏಳು ಸ್ವರಗಳೂ ಪಾಶ್ಚಾತ್ಯರ ಮೇಜರ್ ಸ್ವರಶ್ರೇಣಿಯ ಏಳು ಸ್ವರಗಳೂ ಒಂದೇ. ಆದರೂ ಶಂಕರಾಭರಣವೆಂದು ಹಾಡಿದಾಗ ಒಂದು ಲೋಕ ತೆರೆಯುತ್ತದೆ, ಮೇಜರ್ ಎಂದು ನುಡಿಸಿದಾಗ ಇನ್ನೊಂದು ಲೋಕ ತೆರೆಯುತ್ತದೆ. ಎರಡನ್ನೂ ಬಲ್ಲವನಿಗೆ ಎರಡು ಬಾಗಿಲುಗಳು.

ಹೀಗೆ ಕಲಿತು ಅವರು ರಚಿಸಿದ್ದು ತೊಂಬತ್ತನಾಲ್ಕು ಕೃತಿಗಳು. ಎಲ್ಲವೂ ಸಂಸ್ಕೃತದಲ್ಲಿ, ಎಲ್ಲದರಲ್ಲಿಯೂ ‘ಶ್ರೀವಿದ್ಯಾ’ ಎಂಬ ಅಂಕಿತ. ಒಂದೊಂದು ಕೃತಿಗೂ ಬೇರೆ ಬೇರೆ ರಾಗ. ಅಠಾಣ, ಗಂಭೀರನಾಟದಂಥ ಪರಿಚಿತ ರಾಗಗಳೊಡನೆ ಅಪರೂಪದ ರಾಗಗಳೂ ಇವೆ; ಅವುಗಳಲ್ಲಿ ಕೆಲವಕ್ಕೆ ಮೊದಲು ಕೃತಿ ಕಟ್ಟಿದವರು ಇವರೇ. ೧೯೭೪ರಲ್ಲಿ ಅವರು ನಿಧನರಾದ ಮೇಲೂ ಅವು ಕಛೇರಿಗಳಲ್ಲಿ ಹಾಡಲ್ಪಡುತ್ತಿವೆ.

ಇದರಲ್ಲಿ ಹೊಸ ರಚನಕಾರನಿಗೆ ಮೂರು ಪಾಠಗಳಿವೆ. ಮೊದಲನೆಯದು, ಅವರು ತಮ್ಮ ಶಕ್ತಿಯನ್ನು ಒಂದು ಚಿಕ್ಕ ಆಕಾರದಲ್ಲಿ ಹಿಡಿದಿಟ್ಟರು. ಪಲ್ಲವಿ, ಅನುಪಲ್ಲವಿ, ಚರಣ: ಇಷ್ಟೇ. ಹೊಸಬರು ಬಲಿಪೂಜೆಗೆ ಬೇಕಾದ ಅಷ್ಟೂ ಗೀತೆಗಳಿಗೆ ಒಂದೇ ಸಲ ರಾಗ ಹಾಕಲು ಹೊರಡುತ್ತಾರೆ; ಅರ್ಧದಾರಿಯಲ್ಲಿ ಸೋಲುತ್ತಾರೆ. ನಾಲ್ಕು ಸಾಲಿನ ಒಂದು ಪ್ರತ್ಯುತ್ತರ ಗೀತೆಯನ್ನು ಹತ್ತು ಬಗೆಯಲ್ಲಿ ಕಟ್ಟಿ, ಒಂಬತ್ತನ್ನು ಬದಿಗಿಡಿರಿ. ಎರಡನೆಯದು, ಒಂದು ರಾಗದಲ್ಲಿ ಗೆದ್ದೊಡನೆ ಅದರಲ್ಲಿಯೇ ಬೀಡುಬಿಡದೆ ಮುಂದಿನದಕ್ಕೆ ಹೋದರು. ನಿಮ್ಮ ನೋಟುಪುಸ್ತಕಗಳಲ್ಲಿ ಹೆಚ್ಚಿನವು ಮೋಹನದ ಐದು ಸ್ವರಗಳಲ್ಲಿಯೇ ಓಡಾಡುತ್ತಿರುವುದನ್ನು ನಾವು ಕಂಡಿದ್ದೇವೆ. ಮೋಹನ ಸುಂದರವಾದ ಮನೆ. ಆದರೆ ಅದೊಂದೇ ಮನೆಯಲ್ಲ. ಮೂರನೆಯದು, ಅವರು ಗುರುವಿನ ಮುಂದೆ ಕುಳಿತರು. ಫೋನಿನಲ್ಲಿ ಎಷ್ಟೋ ಪಾಠಗಳು ಇಂದು ದೊರೆಯುತ್ತವೆ; ಅವುಗಳಿಂದ ಉಪಕಾರವಿದೆ. ಆದರೆ ನೀವು ತಪ್ಪಿದಾಗ ಫೋನು ತಲೆ ಅಲ್ಲಾಡಿಸುವುದಿಲ್ಲ.

ಎರಡು ಸಂಗೀತಗಳ ಸಂಗಮ ಅವರಿಂದ ಮೊದಲಾದದ್ದೂ ಅಲ್ಲ. ಮುತ್ತುಸ್ವಾಮಿ ದೀಕ್ಷಿತರು ತರುಣರಾಗಿದ್ದಾಗ ಮದರಾಸಿನ ಬಳಿಯ ಮಣಲಿಯಲ್ಲಿದ್ದುಕೊಂಡು, ಕೋಟೆಯ ಆಂಗ್ಲರ ಬ್ಯಾಂಡಿನ ಧಾಟಿಗಳನ್ನು ಕೇಳಿ, ಅವಕ್ಕೆ ಸಂಸ್ಕೃತದ ಸಾಹಿತ್ಯವನ್ನು ಹೊಂದಿಸಿದರು. ನೋಟುಸ್ವರ ಸಾಹಿತ್ಯವೆಂದು ಹೆಸರಾದ ಆ ಚಿಕ್ಕ ರಚನೆಗಳನ್ನು ಇಂದಿಗೂ ಮಕ್ಕಳಿಗೆ ಕಲಿಸುತ್ತಾರೆ. ಮುಂದೆ ಅವರು ಕಟ್ಟಿದ ಮಹಾಕೃತಿಗಳ ಗಾಂಭೀರ್ಯವೇ ಬೇರೆ. ಪರರ ಧಾಟಿಯನ್ನು ಎತ್ತಿಕೊಂಡು ಕಲಿಯುವುದರಲ್ಲಿ ದೋಷವಿಲ್ಲ. ಅಲ್ಲಿಯೇ ನಿಂತುಬಿಡುವುದರಲ್ಲಿ ದೋಷವಿದೆ. ಸಿನಿಮಾ ಧಾಟಿಗೆ ಭಕ್ತಿಗೀತೆಯ ಮಾತುಗಳನ್ನು ತುಂಬುವ ನಮ್ಮ ಹುಡುಗರಿಗೆ ಇದನ್ನೇ ಹೇಳಬೇಕಾಗಿದೆ. ಜನ ಆ ಗೀತೆಯನ್ನು ಕೇಳುವಾಗ ಕಣ್ಣ ಮುಂದೆ ಪೀಠ ಕಾಣುವುದಿಲ್ಲ, ನಾಯಕ ನಾಯಕಿಯರು ಕಾಣುತ್ತಾರೆ.

ಅರಸನ ಕಥೆ ಸಾಕು, ಬಡವನ ಕಥೆ ಹೇಳಿ ಎನ್ನುವಿರೇನೋ. ನಿಮ್ಮ ಮನೆಮನೆಯಲ್ಲಿ ಅವರ ಹಾಡುಂಟು. ೧೯೪೩ರಲ್ಲಿ ತಮಿಳುನಾಡಿನ ಪಣ್ಣೈಪುರವೆಂಬ ಹಳ್ಳಿಯಲ್ಲಿ ಹುಟ್ಟಿದ ಶ್ರೀ ಇಳಯರಾಜಾ ಅವರು ಬಾಲ್ಯದಲ್ಲಿಯೇ ಅಣ್ಣ ಪಾವಲರ್ ವರದರಾಜನ್ನರ ತಂಡದೊಡನೆ ಊರೂರು ತಿರುಗಿ ಹಾಡಿದವರು. ಮದರಾಸಿಗೆ ಬಂದ ಮೇಲೆ ಧನರಾಜ್ ಮಾಸ್ಟರರ ಬಳಿ ಪಾಶ್ಚಾತ್ಯ ಸಂಗೀತವನ್ನು, ಅದನ್ನು ಐದು ಗೆರೆಗಳ ಮೇಲೆ ಬರೆಯುವ ವಿದ್ಯೆಯನ್ನು ಕಲಿತರು. ಸಂಗೀತ ನಿರ್ದೇಶಕ ಜಿ. ಕೆ. ವೆಂಕಟೇಶರ ಸಹಾಯಕರಾಗಿ ವರ್ಷಗಟ್ಟಲೆ ದುಡಿದರು. ‘ಸಂಧ್ಯಾರಾಗ’, ‘ಬಂಗಾರದ ಮನುಷ್ಯ’ ಮೊದಲಾದ ಕನ್ನಡ ಚಿತ್ರಗಳಿಗೆ ಸಂಗೀತ ಕೊಟ್ಟ ವೆಂಕಟೇಶರನ್ನು ನಮ್ಮ ಹಿರಿಯರು ಮರೆತಿರಲಾರರು. ತಮ್ಮ ಹೆಸರಿನಲ್ಲಿ ಇಳಯರಾಜಾ ಅವರ ಮೊದಲ ಚಿತ್ರ ‘ಅನ್ನಕ್ಕಿಳಿ’ ಬಂದದ್ದು ೧೯೭೬ರಲ್ಲಿ. ಆಗ ಅವರಿಗೆ ಮೂವತ್ತರ ಮೇಲಾಗಿತ್ತು. ಆ ಮೊದಲಿನ ವರ್ಷಗಳೆಲ್ಲ ಇತರರ ರಾಗಗಳಿಗೆ ದುಡಿದ ವರ್ಷಗಳು. ೨೦೨೫ರ ಮಾರ್ಚಿಯಲ್ಲಿ, ಎಂಬತ್ತೊಂದರ ವಯಸ್ಸಿನಲ್ಲಿ, ತಮ್ಮ ಸಿಂಫನಿಯನ್ನು ಲಂಡನ್ನಿನಲ್ಲಿ ಕೇಳಿಸಿದರು. ಮೈಸೂರಿನ ಅರಸರು ಮನಸ್ಸಿನಲ್ಲಿಯೇ ವಾಸಮಾಡಿದ ಆ ನಗರಕ್ಕೆ ಹಳ್ಳಿಯ ಹುಡುಗನೊಬ್ಬ ತನ್ನ ಸಂಗೀತವನ್ನು ಕೊಂಡೊಯ್ದನು. ಇಬ್ಬರ ದಾರಿಯಲ್ಲಿಯೂ ಸಮಾನವಾದದ್ದು ಇಷ್ಟು: ಕೇಳುವುದು, ಗುರುವನ್ನು ಹುಡುಕುವುದು, ಬರೆಯಲು ಕಲಿಯುವುದು, ಕಾಯುವುದು.

ಬರೆಯಲು ಕಲಿಯುವುದರ ಬೆಲೆಯನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಗಡಿ ದಾಟಿದರೆ ಮದನಪಲ್ಲಿ. ೧೯೧೯ರಲ್ಲಿ ಕವಿ ರವೀಂದ್ರನಾಥ ಠಾಕೂರರು ಅಲ್ಲಿನ ಥಿಯಾಸಫಿಕಲ್ ಕಾಲೇಜಿನಲ್ಲಿ ತಂಗಿದ್ದಾಗ, ಮುಂದೆ ನಮ್ಮ ರಾಷ್ಟ್ರಗೀತೆಯಾದ ಗೀತೆಯನ್ನು ವಿದ್ಯಾರ್ಥಿಗಳ ಮುಂದೆ ಹಾಡಿದರು. ಸಂಗೀತ ಬಲ್ಲ ಮಾರ್ಗರೆಟ್ ಕಸಿನ್ಸ್ ಎಂಬ ಐರಿಷ್ ಮಹಿಳೆ ಕವಿಯೊಡನೆ ಕುಳಿತು ಅದರ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು. ಹಾಡಿದವರ ಉಸಿರಿನೊಡನೆ ಹಾಡು ಹೋಗದಂತೆ ತಡೆಯುವುದು ಕಾಗದ. ಸರಿಗಮದಲ್ಲಿ ಬರೆಯುವಿರೋ ಐದು ಗೆರೆಗಳ ಮೇಲೆ ಬರೆಯುವಿರೋ ನಿಮಗೆ ಬಿಟ್ಟದ್ದು, ಬರೆಯಿರಿ. ಫೋನು ಕಳೆದುಹೋಗುತ್ತದೆ, ಕೆಡುತ್ತದೆ, ಮಾರಲ್ಪಡುತ್ತದೆ.

ಈಗ ದೇವಾಲಯಕ್ಕೆ ಹಾಡು ಕಟ್ಟುವವರಿಗೆ ಕೆಲವು ವಿಶೇಷ ಮಾತುಗಳು. ೧೯೬೩ರ ಡಿಸೆಂಬರ್ ೪ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯನ್ನು ಕುರಿತು ಹೊರಡಿಸಿದ ಶಾಸನದಲ್ಲಿ ಸಂಗೀತಕ್ಕೆಂದೇ ಒಂದು ಅಧ್ಯಾಯವಿದೆ. ತಮ್ಮದೇ ಆದ ಸಂಗೀತ ಪರಂಪರೆಯುಳ್ಳ ಜನಾಂಗಗಳಲ್ಲಿ ಆ ಪರಂಪರೆಗೆ ತಕ್ಕ ಮನ್ನಣೆ ಸಲ್ಲಬೇಕೆಂದು ಅದು ಹೇಳುತ್ತದೆ. ರಚನಕಾರರನ್ನು ಉದ್ದೇಶಿಸಿ, ದೊಡ್ಡ ಗಾನವೃಂದಗಳಿಗೆ ಮಾತ್ರವಲ್ಲದೆ ಚಿಕ್ಕ ಗಾನವೃಂದಗಳಿಗೂ, ನೆರೆದ ಭಕ್ತರೆಲ್ಲರ ಭಾಗವಹಿಸುವಿಕೆಗೂ ಹೊಂದುವಂತೆ ರಚಿಸಬೇಕೆಂದು ಹೇಳುತ್ತದೆ. ಗೀತೆಯ ಮಾತುಗಳು ಮುಖ್ಯವಾಗಿ ಪವಿತ್ರ ಗ್ರಂಥದಿಂದಲೂ ಆರಾಧನಾ ವಿಧಿಯಿಂದಲೂ ಬರಬೇಕೆನ್ನುತ್ತದೆ. ೧೯೬೭ರ ಮಾರ್ಚ್ ೫ರಂದು ಹೊರಟ ಪವಿತ್ರ ಸಂಗೀತದ ನಿರ್ದೇಶನವು ಇದನ್ನು ಇನ್ನಷ್ಟು ವಿವರಿಸಿತು. ಅಂದರೆ ನೀವು ಕಟ್ಟುವ ಗೀತೆಯ ಒರೆಗಲ್ಲು ನಿಮ್ಮ ಕಂಠವಲ್ಲ. ಮೂರನೆಯ ಬೆಂಚಿನಲ್ಲಿ ಕುಳಿತ ಅಜ್ಜನ ಕಂಠ. ಒಂದು ಸ್ಥಾಯಿ, ಹೆಚ್ಚೆಂದರೆ ಅದರ ಮೇಲೆ ಒಂದೆರಡು ಸ್ವರ: ಅಷ್ಟರೊಳಗೆ ಧಾಟಿ ಇರಲಿ. ಅಜ್ಜ ಮೂರನೆಯ ಭಾನುವಾರದ ಹೊತ್ತಿಗೆ ತಾನಾಗಿ ಹಾಡಿದರೆ ನೀವು ಗೆದ್ದಂತೆ.

ಮಾತಿನ ಅಳತೆಯನ್ನು ಮರೆಯಬೇಡಿರಿ. ಕನ್ನಡದಲ್ಲಿ ಹ್ರಸ್ವ ದೀರ್ಘಗಳು ಅರ್ಥವನ್ನೇ ಬದಲಿಸುತ್ತವೆ. ಪರಭಾಷೆಯ ಧಾಟಿಗೆ ಕನ್ನಡದ ಮಾತನ್ನು ತುರುಕಿದಾಗ ಹ್ರಸ್ವದ ಮೇಲೆ ಎಳೆತ ಬಂದು ‘ಮನ’ವು ‘ಮಾನ’ವಾಗುತ್ತದೆ. ಶುಭ ಶುಕ್ರವಾರದ ಆರಾಧನೆಯಲ್ಲಿ ಶಿಲುಬೆಯ ‘ಮರ’ ಹಾಗೆಯೇ ಎಳೆದರೆ ‘ಮಾರ’ನಾಗಿ, ಮನ್ಮಥನೇ ಬಂದು ನಿಲ್ಲುತ್ತಾನೆ! ಆದಕಾರಣ ಮೊದಲು ಗೀತೆಯ ಸಾಲನ್ನು ಹತ್ತು ಸಲ ಗಟ್ಟಿಯಾಗಿ ಓದಿರಿ. ಮಾತು ತಾನಾಗಿ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ, ಎಲ್ಲಿ ಉಸಿರು ಬೇಡುತ್ತದೆ ಎಂಬುದನ್ನು ಗುರುತು ಹಾಕಿಕೊಳ್ಳಿರಿ. ಅರ್ಧ ರಾಗ ಅಲ್ಲಿಯೇ ಹುಟ್ಟಿರುತ್ತದೆ. ನಮ್ಮಲ್ಲಿ ತಮಿಳು, ತೆಲುಗು, ಇಂಗ್ಲಿಷಿನಲ್ಲಿಯೂ ಆರಾಧನೆ ನಡೆಯುವುದರಿಂದ ಆಯಾ ಭಾಷೆಯ ಮಾತಿಗೂ ಇದೇ ಮರ್ಯಾದೆ ಸಲ್ಲಲಿ. ಒಂದು ಭಾಷೆಯ ಹಾಡು ಇನ್ನೊಂದರ ಮೇಲೆ ಸವಾರಿ ಮಾಡುವುದು ಬೇಡ.

ಇನ್ನು ಆ ತಂದೆಯ ಪ್ರಶ್ನೆಗೆ ಬರೋಣ. ಹಾಡು ಕಟ್ಟಿದರೆ ಹೊಟ್ಟೆ ತುಂಬುತ್ತದೆಯೇ? ಬಹುಮಂದಿಗೆ ತುಂಬುವುದಿಲ್ಲ. ಇದನ್ನು ಸ್ಪಷ್ಟವಾಗಿ ಹೇಳುವುದು ನಮ್ಮ ಕರ್ತವ್ಯ. ಬೆಳಗಿನ ರೈಲನ್ನು ಬಿಟ್ಟು, ಸಂಬಳವನ್ನು ಬಿಟ್ಟು, ಸಂಗೀತ ನಿರ್ದೇಶಕನಾಗುತ್ತೇನೆಂದು ಹೊರಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಆದರೆ ತಂದೆತಾಯಂದಿರಿಗೂ ಒಂದು ಮಾತು. ರಾಜ್ಯಭಾರ ಮುಗಿಸಿದ ಮೇಲೆ ಉಳಿದ ಹೊತ್ತಿನಲ್ಲಿ ಒಬ್ಬರು ತೊಂಬತ್ತನಾಲ್ಕು ಕೃತಿಗಳನ್ನು ಕಟ್ಟಿದರು. ಕೆಲಸ ಮುಗಿಸಿ ಬಂದ ಮಗ ಸಂಜೆ ಒಂದು ಗಂಟೆ ಹಾರ್ಮೋನಿಯಂ ಮುಂದೆ ಕುಳಿತರೆ ಅದು ಕಾಲಹರಣವಲ್ಲ. ಪಾಳಿ ಮುಗಿಸಿ ಆಳದಿಂದ ಮೇಲೆ ಬಂದು, ಮೈತೊಳೆದು, ಹಾಡಲು ಕೂಡುತ್ತಿದ್ದ ನಿಮ್ಮದೇ ಹಿರಿಯರನ್ನು ನೆನೆಯಿರಿ. ಅವರಿಗೆ ಅದಕ್ಕಾಗಿ ಯಾರೂ ಕೂಲಿ ಕೊಡಲಿಲ್ಲ. ಅವರು ಹಾಡಿದ್ದರಿಂದಲೇ ನಮಗೆ ಇಂದು ಗಾನವೃಂದವೆಂಬುದೊಂದು ಉಳಿದಿದೆ. ಮಗನಿಗೆ ಉದ್ಯೋಗವೂ ಇರಲಿ, ರಾಗವೂ ಇರಲಿ. ಎರಡರಲ್ಲಿ ಒಂದನ್ನು ಕಿತ್ತುಕೊಂಡರೆ ಮಗನ ಅರ್ಧವನ್ನೇ ಕಿತ್ತುಕೊಂಡಂತಾಗುತ್ತದೆ.

ಕೊನೆಯದಾಗಿ, ಈ ವರ್ಷಕ್ಕೆಂದು ಯುವಜನರಿಗೆ ನಾವು ಮೂರು ಕೆಲಸಗಳನ್ನು ಒಪ್ಪಿಸುತ್ತೇವೆ. ಒಂದು: ಗಣಿಯಲ್ಲಿ ದುಡಿದ ಹಿರಿಯರ ಮನೆಗಳಿಗೆ ಇಬ್ಬಿಬ್ಬರಾಗಿ ಹೋಗಿ, ಅವರು ಬಲ್ಲ ಜೋಗುಳ, ಒಪ್ಪಾರಿ, ಹಳೆಯ ದೇವಾಲಯ ಗೀತೆಗಳನ್ನು ಕೇಳಿ, ಒಪ್ಪಿಗೆ ಪಡೆದು ಮುದ್ರಿಸಿಕೊಂಡು, ಸ್ವರ ಹಾಕಿ ಬರೆದಿಡಿರಿ. ಅದಕ್ಕೆಂದು ಒಂದು ದೊಡ್ಡ ಪುಸ್ತಕವನ್ನು ಗುರುಮನೆಯಲ್ಲಿ ಇಡುತ್ತೇವೆ. ಎರಡು: ಆಗಮನ ಕಾಲದ ನಾಲ್ಕು ಭಾನುವಾರಗಳಿಗೆ ನಾಲ್ಕು ಪ್ರತ್ಯುತ್ತರ ಗೀತೆಗಳನ್ನು, ನಾಲ್ಕು ಬೇರೆ ರಾಗಗಳಲ್ಲಿ ಕಟ್ಟಿರಿ. ಮೂರು: ಕಟ್ಟಿದ್ದನ್ನು ಒಬ್ಬರದನ್ನೊಬ್ಬರು ಹಾಡಿ ತಿದ್ದಿರಿ. ತನ್ನ ಹಾಡನ್ನು ಇನ್ನೊಬ್ಬರು ಹಾಡಿದಾಗಲೇ ಅದರ ಓರೆಕೋರೆಗಳು ಕಟ್ಟಿದವನಿಗೆ ಕಾಣುವುದು.

ನೂರು ವರ್ಷಗಳ ಹಿಂದೆ ಈ ಪೀಠದ ಸುತ್ತ ಹಾಡಿದವರ ಹೆಸರುಗಳು ನಮಗೆ ಹೆಚ್ಚಾಗಿ ಉಳಿದಿಲ್ಲ. ಮುಂದಿನ ಶತಮಾನೋತ್ಸವಕ್ಕೆ ಇಲ್ಲಿ ನೆರೆಯುವವರು ನಿಮ್ಮ ಹೆಸರನ್ನು ಬಲ್ಲರೋ ಇಲ್ಲವೋ ಹೇಳಲಾಗದು. ನಿಮ್ಮದೊಂದು ಧಾಟಿ ಆಗಲೂ ಅವರ ಬಾಯಲ್ಲಿದ್ದರೆ ಸಾಕು. ಆ ಭಾಗ್ಯವನ್ನು ದಯಾಮಯನಾದ ದೇವರು ನಿಮಗೆ ಕರುಣಿಸಲಿ.